ವಾರ್ಧಕ್ಯ, ಲಿಂಗತ್ವ, ದೇಹ: ಸಾಮಾಜಿಕ ಸಿದ್ಧಾಂತಗಳೂ ಜೋಗಿಮಟ್ಟಿಯ ಸೀಮೆಯೂ

ಮುಪ್ಪಿನಲ್ಲಿ ಧಾತುಕ್ಷಯದ ಪಾಲೆಷ್ಟು, ಸಮಾಜವು ವಿಧಿಸಿದ ಕಟ್ಟಳೆಯ ಪಾಲೆಷ್ಟು, ಆ ಕಟ್ಟಳೆಯು ಹೆಣ್ಣಿಗೂ ಗಂಡಿಗೂ ಸಮನಾಗಿದೆಯೆ, ದೇಹವು ಅದನ್ನು ಎಂತು ಹೊರುತ್ತದೆ ಎಂಬ ಪ್ರಶ್ನೆಗಳನ್ನು ವಿಚಾರಿಸುವ ಸಮಾಜಶಾಸ್ತ್ರದ ಶಾಖೆಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೈದಳೆದುದು. ಅದರ ಪ್ರಧಾನ ಸಿದ್ಧಾಂತಗಳು ಬಹುಮಟ್ಟಿಗೆ ಅಮೆರಿಕ, ಇಂಗ್ಲೆಂಡ್, ಫ್ರಾನ್ಸ್ ದೇಶಗಳಲ್ಲಿ, ಸಂಬಳದ ಉದ್ಯೋಗದಿಂದ ನಿವೃತ್ತರಾದವರ ಬಾಳನ್ನು ಕಣ್ಣಮುಂದಿರಿಸಿಕೊಂಡು ರಚಿತವಾದುವು. ಚಿತ್ರದುರ್ಗದ ಕೋಟೆಯ ದಕ್ಷಿಣಕ್ಕೆ ಹಬ್ಬಿರುವ ಜೋಗಿಮಟ್ಟಿಯ ಕಾಡನ್ನು ಸುತ್ತುವರಿದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಾದರೋ, ನಿವೃತ್ತಿಯೆಂಬ ದಿನವನ್ನೇ ಕಾಣದೆ ಮುಪ್ಪಡರಿದ ಕುರಿಗಾಹಿಗಳು, ಶೇಂಗಾ ಕೀಳುವ ಕೂಲಿಯ ಹೆಂಗಸರು, ಸೌದೆಯ ಹೊರೆ ಹೊತ್ತು ಬದುಕಿದ ಅಜ್ಜಿಯರು ಇರುವರಷ್ಟೆ. ಆ ಸಿದ್ಧಾಂತಗಳನ್ನು ಈ ಜನರ ಎದುರಿನಲ್ಲಿಟ್ಟು ನೋಡಿದಾಗ ಯಾವುದು ನಿಲ್ಲುವುದು, ಯಾವುದು ಸಡಿಲವಾಗುವುದು ಎಂಬುದೇ ಈ ಲೇಖನದ ವಿಷಯ.

ಈ ಕ್ಷೇತ್ರದ ಮೊದಲ ವ್ಯವಸ್ಥಿತ ಸಿದ್ಧಾಂತವನ್ನು ಎಲೈನ್ ಕಮಿಂಗ್ ಮತ್ತು ವಿಲಿಯಂ ಹೆನ್ರಿ ಎಂಬವರು ಕಾನ್ಸಾಸ್ ನಗರದ ವಯಸ್ಕರನ್ನು ಕುರಿತ ಅಧ್ಯಯನದ ಆಧಾರದ ಮೇಲೆ 1961ರಲ್ಲಿ ಪ್ರಕಟಿಸಿದರು. ವಯಸ್ಸು ಕಳೆದಂತೆ ಮನುಷ್ಯನು ಸಮಾಜದಿಂದಲೂ, ಸಮಾಜವು ಮನುಷ್ಯನಿಂದಲೂ ಮೆಲ್ಲಮೆಲ್ಲನೆ ಬಿಡಿಸಿಕೊಳ್ಳುವುದು ಸಹಜವೆಂದೂ, ಉಭಯರಿಗೂ ಹಿತವೆಂದೂ ಅವರ ಮತ. ಗಂಡಸಿಗೆ ಉದ್ಯೋಗವೂ ಹೆಂಗಸಿಗೆ ದಾಂಪತ್ಯವೂ ಬಾಳಿನ ಕೇಂದ್ರವಾದುದರಿಂದ, ಆತನಿಗೆ ನಿವೃತ್ತಿಯೂ ಆಕೆಗೆ ವೈಧವ್ಯವೂ ಈ ಬಿಡುಗಡೆಯ ದ್ವಾರಗಳೆಂದು ಅವರು ಭಾವಿಸಿದರು. ಚಟುವಟಿಕೆಯೇ ವೃದ್ಧರ ತೃಪ್ತಿಗೆ ಮೂಲವೆಂದು ರಾಬರ್ಟ್ ಹ್ಯಾವಿಗ್‌ಹರ್ಸ್ಟ್ ಮುಂತಾದವರು ಪ್ರತಿಪಾದಿಸಿದರು; ಯೌವನದ ಅಭ್ಯಾಸಗಳೇ ಮುಪ್ಪಿನಲ್ಲಿ ಮುಂದುವರಿಯುವುವೆಂದು ರಾಬರ್ಟ್ ಆಚ್ಲಿ 1989ರಲ್ಲಿ ವಾದಿಸಿದರು. ಕೈಗಾರಿಕೆ, ನಗರ, ಶಾಲೆ ಇವು ಬೆಳೆದಷ್ಟೂ ವೃದ್ಧರ ಪ್ರತಿಷ್ಠೆ ಕುಗ್ಗುವುದೆಂಬುದು 1972ರಲ್ಲಿ ಡೊನಾಲ್ಡ್ ಕೌಗಿಲ್ ಮತ್ತು ಲೊವೆಲ್ ಹೋಮ್ಸ್ ಮುಂದಿಟ್ಟ ಆಧುನೀಕರಣ ಸಿದ್ಧಾಂತ. ಮಟಿಲ್ಡಾ ರೈಲಿಯ ವಯಃಶ್ರೇಣಿ ವಿಚಾರವನ್ನೂ, ಮಹಾ ಆರ್ಥಿಕ ಕುಸಿತದ ಕಾಲದ ಮಕ್ಕಳನ್ನು ಕುರಿತು ಗ್ಲೆನ್ ಎಲ್ಡರ್ 1974ರಲ್ಲಿ ಬರೆದ ಗ್ರಂಥದಿಂದ ಬೆಳೆದ ಜೀವನಪಥ ವಿಚಾರವನ್ನೂ ಇಲ್ಲಿ ಹೆಸರಿಸಿ ಮುಂದೆ ಸಾಗಬಹುದು.

ಇವೆಲ್ಲಕ್ಕಿಂತ ನಮ್ಮ ಸೀಮೆಗೆ ಹತ್ತಿರವಾದುದು ರಾಜಕೀಯ ಅರ್ಥಶಾಸ್ತ್ರದ ಪಂಥ. ಅಮೆರಿಕದಲ್ಲಿ ಕ್ಯಾರಲ್ ಎಸ್ಟೆಸ್ 1979ರಲ್ಲಿ, ಇಂಗ್ಲೆಂಡಿನಲ್ಲಿ ಪೀಟರ್ ಟೌನ್ಸೆಂಡ್ 1981ರಲ್ಲಿ, ವೃದ್ಧರ ಪರಾವಲಂಬನೆಯನ್ನು ದೇಹವು ತಂದಿತ್ತುದಕ್ಕಿಂತ ಹೆಚ್ಚಾಗಿ ರಾಜ್ಯದ ನಿಯಮಗಳೂ ನಿವೃತ್ತಿಯ ವಯಸ್ಸೂ ಮಾಸಾಶನದ ಕೊರತೆಯೂ ಸೃಷ್ಟಿಸಿದುವೆಂದು ತೋರಿಸಿದರು. ಮುಪ್ಪಿನ ಗಡಿಯಾದರೂ ಪ್ರಕೃತಿ ಎಳೆದ ಗೆರೆಯೆ? ಜರ್ಮನಿಯಲ್ಲಿ ಬಿಸ್ಮಾರ್ಕನ ಆಡಳಿತವು 1889ರಲ್ಲಿ ವೃದ್ಧಾಪ್ಯ ವಿಮೆಗೆ 70 ವರ್ಷವನ್ನು ಗೊತ್ತುಮಾಡಿತು. ನಮ್ಮಲ್ಲಿ ಕೇಂದ್ರದ ವೃದ್ಧಾಪ್ಯ ಪಿಂಚಣಿಗೆ 60, ಕರ್ನಾಟಕ ಸರಕಾರವು 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಗೆ 65. ಕಚೇರಿಗಳು ಎಳೆದ ಈ ಗೆರೆಗಳಿಗೂ ಹಳ್ಳಿಯ ಲೆಕ್ಕಕ್ಕೂ ಬಹಳ ಅಂತರವಿದೆ.

ಹುಟ್ಟಿದ ದಿನವನ್ನು ಬರೆದಿಡದ ಮನೆಗಳಲ್ಲಿ ವಯಸ್ಸನ್ನು ಬರ, ಬೇನೆ, ನೀರು ಇವುಗಳಿಂದ ಎಣಿಸುವ ವಾಡಿಕೆ ಈ ಭಾಗದಲ್ಲಿ ಇನ್ನೂ ಅಳಿದಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಎಂಬತ್ತೊಂಬತ್ತು ವರ್ಷಗಳ ಆ ಅವಧಿಯು ಹಿರಿಯೂರು ತಾಲ್ಲೂಕಿನಲ್ಲಿ ಒಂದು ಪೂರ್ಣಾಯುಷ್ಯದ ಅಳತೆಯೇ ಸರಿ. ಗಂಡಸಿನ ವಯಸ್ಸನ್ನು ಹೀಗೆ ಊರಿನ ಘಟನೆಗಳಿಂದ ಎಣಿಸುವವರು ಹೆಂಗಸಿನ ವಯಸ್ಸನ್ನು ಆಕೆಯ ದೇಹದ ಘಟನೆಗಳಿಂದ ಎಣಿಸುವುದುಂಟು. ಮೈನೆರೆದುದು, ಮದುವೆಯಾದುದು, ಚೊಚ್ಚಲು ಹೆರಿಗೆ, ಕಡೆಯ ಹೆರಿಗೆ, ಮುಟ್ಟು ನಿಂತುದು, ಗಂಡ ತೀರಿಕೊಂಡುದು, ಇವೇ ಆಕೆಯ ಪಂಚಾಂಗ. ನಲವತ್ತು ತುಂಬುವ ಮೊದಲೇ ಮೊಮ್ಮಗುವನ್ನು ಎತ್ತಿಕೊಂಡ ಹೆಂಗಸು ಅಜ್ಜಿಯೆನಿಸಿಕೊಂಡಾಗ, ಆಕೆಯ ತಲೆಗೂದಲು ನರೆಯದಿದ್ದರೂ ನಡೆನುಡಿಯಲ್ಲಿ ಮುಪ್ಪಿನ ಗಾಂಭೀರ್ಯವನ್ನು ನಿರೀಕ್ಷಿಸುವುದುಂಟು. ಆಕೆಯ ಗಂಡನಿಂದ ಅಂತಹ ನಿರೀಕ್ಷೆಯಿಲ್ಲ. ಅಮೆರಿಕದ ಸೂಸನ್ ಸಾಂಟಾಗ್ 1972ರಲ್ಲಿ ಮುಪ್ಪಿನ ಇಬ್ಬಗೆಯ ಮಾನದಂಡವೆಂದು ಹೆಸರಿಸಿದ ಈ ಅನ್ಯಾಯವು ಅಲ್ಲಿ ಸೌಂದರ್ಯದ ಕ್ಷೇತ್ರದಲ್ಲಿ ಹೆಚ್ಚಾಗಿ ಕಾಣಿಸಿಕೊಂಡರೆ, ಇಲ್ಲಿ ಬಂಧುತ್ವದ ಕ್ಷೇತ್ರದಲ್ಲಿ ಕಾಣಿಸಿಕೊಳ್ಳುವುದು. ಸಾಂಟಾಗ್‌ಗಿಂತ ಎರಡು ವರ್ಷ ಮೊದಲೇ ಫ್ರಾನ್ಸಿನ ಸಿಮೋನ್ ದ ಬೋವ್ವಾ ವಾರ್ಧಕ್ಯವನ್ನು ಕುರಿತ ತನ್ನ ಬೃಹದ್ಗ್ರಂಥದಲ್ಲಿ, ಮುದುಕರನ್ನು ಕುರಿತ ಸಮಾಜದ ಮೌನವನ್ನು ಒಡೆದಿದ್ದಳು.

ಭಾರತೀಯ ಪರಂಪರೆಯ ಆಶ್ರಮವಿಚಾರವೂ ಒಂದು ವಾರ್ಧಕ್ಯ ಸಿದ್ಧಾಂತವೇ. ಬ್ರಹ್ಮಚರ್ಯದಿಂದ ಸಂನ್ಯಾಸದವರೆಗಿನ ಆ ನಾಲ್ಕು ಮೆಟ್ಟಿಲುಗಳು ದ್ವಿಜ ಪುರುಷನಿಗಾಗಿ ನಿರ್ಮಿತವಾದುವು; ಹೆಣ್ಣಿಗೆ ಮನುಸ್ಮೃತಿಯು ಮೆಟ್ಟಿಲುಗಳನ್ನು ಹೇಳದೆ ತಂದೆ, ಗಂಡ, ಮಗ ಎಂಬ ಕಾವಲುಗಾರರನ್ನು ಹೇಳಿತು. ಅರವತ್ತು ತುಂಬಿದಾಗ ನಡೆಯುವ ಷಷ್ಟ್ಯಬ್ದಪೂರ್ತಿ ಶಾಂತಿಯಲ್ಲಿ ಎಣಿಕೆಗೆ ಬರುವುದು ಪತಿಯ ಸಂವತ್ಸರಗಳು, ಪತ್ನಿಯು ಸಹಧರ್ಮಿಣಿಯಾಗಿ ಪಕ್ಕದಲ್ಲಿ ಕೂಡುವಳು. ವಿಧವೆಯ ಅರವತ್ತನೆಯ ವರ್ಷಕ್ಕೆ ಯಾವ ಕಲಶವೂ ಇಲ್ಲ. ಇದಕ್ಕೆ ಪ್ರತಿಯಾಗಿ, ದೇಹಕ್ಕಿರುವ ಹೆಣ್ಣು ಗಂಡೆಂಬ ಭೇದವು ಆತ್ಮಕ್ಕೂ ಇದೆಯೆ ಎಂದು ಹನ್ನೆರಡನೆಯ ಶತಮಾನದ ವಚನಕಾರರು ಕೇಳಿದರೆಂಬುದೂ, ಅವರ ಪರಂಪರೆಯನ್ನು ಹೇಳಿಕೊಳ್ಳುವ ಸಿರಿಗೆರೆಯ ತರಳಬಾಳು ಮಠ, ಚಿತ್ರದುರ್ಗದ ಮುರುಘಾಮಠ ಈ ಸೀಮೆಯಲ್ಲಿಯೇ ಇವೆಯೆಂಬುದೂ ಸ್ಮರಣೀಯ. ಆ ಪ್ರಶ್ನೆಯು ಮನೆಯ ಜಗುಲಿಯವರೆಗೂ ಬಂದಿತೆ ಎಂಬುದು ಬೇರೆಯ ಮಾತು.

ದೇಹವನ್ನು ಸಮಾಜಶಾಸ್ತ್ರದ ವಿಷಯವನ್ನಾಗಿ ಮಾಡಿದವರಲ್ಲಿ ಇಬ್ಬರ ವಿಚಾರ ಇಲ್ಲಿ ಪ್ರಸ್ತುತ. ನಡೆಯುವುದು, ಕೂಡುವುದು, ಹೊರೆ ಹೊರುವುದು ಮೊದಲಾದ ದೇಹವ್ಯಾಪಾರಗಳೆಲ್ಲ ಸಮಾಜವು ಕಲಿಸಿದ ತಂತ್ರಗಳೆಂದು ಮಾರ್ಸೆಲ್ ಮೋಸ್ 1934ರ ಉಪನ್ಯಾಸವೊಂದರಲ್ಲಿ ವಿವರಿಸಿದನು. ಅಶುದ್ಧಿಯೆಂದರೆ ತನ್ನ ಎಲ್ಲೆಯನ್ನು ಮೀರಿದ ವಸ್ತುವೆಂದೂ, ದೇಹದ ರಂಧ್ರಗಳ ಮೇಲಿನ ಕಾವಲು ಸಮಾಜದ ಗಡಿಯ ಮೇಲಿನ ಕಾವಲಿನ ಪ್ರತಿರೂಪವೆಂದೂ ಮೇರಿ ಡಗ್ಲಸ್ 1966ರಲ್ಲಿ ವಾದಿಸಿದಳು. ಈ ಎರಡನೆಯ ಮಾತಿಗೆ ಚಿತ್ರದುರ್ಗ ಜಿಲ್ಲೆಯ ಗೊಲ್ಲರಹಟ್ಟಿಗಳಿಗಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಕಾಡುಗೊಲ್ಲರು ಕುರಿ ಮೇಕೆ ದನಗಳನ್ನು ಸಾಕಿಕೊಂಡು, ಊರಿನಿಂದ ದೂರದಲ್ಲಿ ಹಟ್ಟಿ ಕಟ್ಟಿಕೊಂಡು, ಜುಂಜಪ್ಪ, ಎತ್ತಪ್ಪ ಮೊದಲಾದ ವೀರರನ್ನು ದೈವಗಳಾಗಿ ಪೂಜಿಸಿಕೊಂಡು ಬಂದ ಜನ. ಹಟ್ಟಿಯ ಸುತ್ತ ಮುಳ್ಳಿನ ಬೇಲಿ, ಅದರೊಳಗೆ ಮನೆಗಳು, ಕುರಿರೊಪ್ಪ, ದೇವರ ಗುಡಿ. ಮುಟ್ಟಾದ ಹೆಂಗಸೂ ಹೆತ್ತ ಬಾಣಂತಿಯೂ ಸೂತಕ ಕಳೆಯುವವರೆಗೆ ಆ ಬೇಲಿಯ ಹೊರಗೆ ಇರಬೇಕೆಂಬುದು ಅವರಲ್ಲಿ ನಡೆದುಬಂದ ಕಟ್ಟಳೆ. ಬೇಲಿಯು ಕುರಿಯನ್ನು ತೋಳದಿಂದ ಕಾಯುವಂತೆ ದೈವವನ್ನು ಹೆಣ್ಣಿನ ರಕ್ತದಿಂದ ಕಾಯುವುದೆಂಬ ನಂಬಿಕೆಯಿಂದ, ಮಳೆ ಚಳಿ ಎನ್ನದೆ ಎಳೆಯ ತಾಯಂದಿರು ಹಸುಗೂಸುಗಳೊಡನೆ ಸೋಗೆಯ ಗುಡ್ಲುಗಳಲ್ಲಿ ಕಳೆದ ದಿನಗಳ ಸಂಕಟವನ್ನು ಸಿದ್ಧಾಂತದ ಪರಿಭಾಷೆಯು ಮರೆಮಾಡಬಾರದು. 2023ರಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹಾಗೆ ಹೊರಗಿಟ್ಟ ಬಾಣಂತಿಯ ನವಜಾತ ಶಿಶುವು ಪ್ರಾಣ ಬಿಟ್ಟಿತು. ಅಮಾನವೀಯ ಆಚರಣೆಗಳ ಪ್ರತಿಬಂಧಕ್ಕಾಗಿ ಕರ್ನಾಟಕವು ಮಾಡಿದ 2017ರ ಕಾಯಿದೆಯು ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಬಲವಂತವಾಗಿ ಬೇರೆಯಿಡುವುದನ್ನು ಅಪರಾಧಗಳ ಪಟ್ಟಿಗೆ ಸೇರಿಸಿದೆ. ಸರಕಾರವು ಹಟ್ಟಿಗಳ ಬಳಿ ಕಟ್ಟಿಸಿದ ಕೃಷ್ಣಕುಟೀರಗಳು ಗುಡ್ಲಿನ ಕಷ್ಟವನ್ನು ನೀಗಿಸಿದರೂ ಹೊರಗಿಡುವ ತತ್ತ್ವಕ್ಕೆ ಗಾರೆಯ ಗೋಡೆಯನ್ನು ಕೊಟ್ಟಂತಾಯಿತೆಂಬ ಆಕ್ಷೇಪವು ನ್ಯಾಯವಾದುದೆಂದೇ ನಾನು ಭಾವಿಸುವೆನು.

ಗಂಡಿನ ದೇಹಕ್ಕೂ ಇಲ್ಲಿ ಪರೀಕ್ಷೆಯಿಲ್ಲದಿಲ್ಲ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಬಳಿ ನಡೆಯುವ ಕಾಡುಗೊಲ್ಲರ ಕ್ಯಾತೇದೇವರ ಜಾತ್ರೆಯಲ್ಲಿ ಬಾರೆಕಳ್ಳೆಯ ಮುಳ್ಳಿನಿಂದ ಕಟ್ಟಿದ ಗುಡಿಯನ್ನು ತರುಣರು ಬರಿಗಾಲಲ್ಲಿ ಏರಿ ಕಲಶವನ್ನು ಇಳಿಸುವರು. ಗಂಡಿನ ಮೈ ಮುಳ್ಳನ್ನು ತುಳಿದು ದೈವದ ಬಳಿಗೆ ಹೋಗುವುದು. ಹೆಣ್ಣಿನ ಮೈ ಮುಳ್ಳಿನ ಬೇಲಿಯಾಚೆ ಉಳಿಯುವುದು. ಒಂದೇ ಮುಳ್ಳಿಗೆ ಎರಡು ಧರ್ಮಗಳು ಹೀಗೆ ಏರ್ಪಟ್ಟಿವೆ.

ಮುಟ್ಟು ನಿಂತ ಮೇಲೆ ಹೆಂಗಸು ತಿಂಗಳಿಗೊಮ್ಮೆ ಬೇಲಿ ದಾಟಬೇಕಾಗಿಲ್ಲ. ವಾರ್ಧಕ್ಯವು ಆಕೆಯನ್ನು ಸಮಾಜದಿಂದ ಬಿಡಿಸುವುದಕ್ಕೆ ಬದಲಾಗಿ ಮೈನೆರೆದ ಬಳಿಕ ಮೊತ್ತಮೊದಲ ಬಾರಿಗೆ ವರ್ಷದ ಎಲ್ಲ ದಿನಗಳಲ್ಲಿಯೂ ಹಟ್ಟಿಯೊಳಗಿನವಳನ್ನಾಗಿ ಮಾಡುವುದು. ಕಮಿಂಗ್ ಮತ್ತು ಹೆನ್ರಿಯವರ ಸಿದ್ಧಾಂತವು ಇಲ್ಲಿ ತಲೆಕೆಳಗಾಗುತ್ತದೆ. ರಾಜಸ್ಥಾನ, ಹಿಮಾಚಲ ಪ್ರದೇಶಗಳ ರಜಪೂತ ಸ್ತ್ರೀಯರಲ್ಲಿ ಮಾರ್ಷಾ ಫ್ಲಿಂಟ್ ಎಂಬಾಕೆ 1975ರಲ್ಲಿ ಇಂತಹುದನ್ನೇ ವರದಿ ಮಾಡಿದ್ದಳು: ಮುಟ್ಟು ನಿಂತವರು ಪರದೆಯಿಂದ ಹೊರಬಂದು ಗಂಡಸರ ನಡುವೆ ಕುಳಿತು ಮಾತನಾಡಬಲ್ಲರು, ಆ ಕಾಲದ ದೈಹಿಕ ಕ್ಲೇಶಗಳನ್ನು ಅವರು ಹೆಚ್ಚಾಗಿ ಹೇಳಿಕೊಳ್ಳಲಿಲ್ಲ. ಜಪಾನಿನ ಸ್ತ್ರೀಯರ ಋತುನಿವೃತ್ತಿಯನ್ನು ಉತ್ತರ ಅಮೆರಿಕದವರೊಡನೆ ಹೋಲಿಸಿ ಮಾರ್ಗರೆಟ್ ಲಾಕ್ 1993ರಲ್ಲಿ ಬರೆದ ಗ್ರಂಥವು ಈ ವಿಚಾರವನ್ನು ಇನ್ನೂ ಆಳಕ್ಕೆ ಒಯ್ದಿತು. ಮೈ ಕಾವೇರುವ ಬಾಧೆಯು ಜಪಾನಿನಲ್ಲಿ ವಿರಳವಾಗಿ ಕಂಡುಬಂದುದರಿಂದ, ಜೀವಶಾಸ್ತ್ರವೂ ದೇಶಕಾಲಗಳೊಡನೆ ಹೆಣೆದುಕೊಂಡು ಬೇರೆಬೇರೆಯಾಗುವುದೆಂದು ಆಕೆ ನಿರ್ಣಯಿಸಿದಳು.

ಆದರೆ ಹಟ್ಟಿಯ ಅಜ್ಜಿಗೆ ದೊರೆತ ಸ್ಥಾನವನ್ನು ಗೆಲುವೆಂದು ಕೊಂಡಾಡುವ ಮುನ್ನ ಅದರ ಬೆಲೆಯನ್ನು ವಿಚಾರಿಸಬೇಕು. ಪಿತೃಪ್ರಧಾನ ಕುಟುಂಬದಲ್ಲಿ ಸೊಸೆಯಾಗಿ ಉಂಡ ಕಷ್ಟಕ್ಕೆ ಅತ್ತೆಯಾದ ಮೇಲೆ ಅಧಿಕಾರದ ರೂಪದಲ್ಲಿ ಪರಿಹಾರ ದೊರೆಯುವುದೆಂಬ ಭರವಸೆಯೇ ಹೆಂಗಸರನ್ನು ಆ ವ್ಯವಸ್ಥೆಗೆ ಕಟ್ಟಿಹಾಕುವುದೆಂದು ಡೆನಿಜ್ ಕಾಂಡಿಯೋಟಿ 1988ರಲ್ಲಿ ವಿವರಿಸಿದಳು. ಸೊಸೆಯನ್ನು ಬೇಲಿಯಾಚೆ ಕಳುಹಿಸುವ ಧ್ವನಿಯು ಎಷ್ಟೋ ವೇಳೆ ತಾನೂ ದಶಕಗಳ ಕಾಲ ಬೇಲಿಯಾಚೆ ಮಲಗಿದ್ದವಳ ಧ್ವನಿಯೇ ಆಗಿರುವುದು. ಆಕೆಯ ಕಠೋರತೆಯನ್ನು ಸ್ವಭಾವವೆಂದು ತಿಳಿಯುವವರು ಆಕೆಯ ಬಾಳಿನ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದವರು. ಹಾಗೆಂದು ಎಲ್ಲ ಹಿರಿಯ ಹೆಂಗಸರ ಅಧಿಕಾರವೂ ಈ ಬಗೆಯದೆಂದು ಹೇಳಲಾಗದು. ಹಿರಿಯೂರಿಗೆ ನೆರೆಯದಾದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧರಾಗಿ, 2018ರಲ್ಲಿ ಪದ್ಮಶ್ರೀ ಪಡೆದು, ಆ ವರ್ಷವೇ ಡಿಸೆಂಬರಿನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ನಿಧನರಾದರು. ಹೊಟ್ಟೆಯನ್ನು ಮುಟ್ಟಿ ಶಿಶುವಿನ ಸ್ಥಿತಿಯನ್ನು ಅರಿಯುವ ಆ ಬೆರಳುಗಳ ವಿದ್ಯೆಯು ವಯಸ್ಸಿನೊಡನೆ ಕ್ಷಯಿಸದೆ ಬೆಳೆದುದು. ಮೋಸನು ಹೇಳಿದ ದೇಹತಂತ್ರಕ್ಕೆ ಇದಕ್ಕಿಂತ ಉದಾತ್ತವಾದ ಉದಾಹರಣೆ ಬೇಕಾಗಿಲ್ಲ.

ಹಾಗೆಯೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ. ಓದುಬರಹವನ್ನರಿಯದ ಈ ಕಾಡುಗೊಲ್ಲರ ಹೆಂಗಸು ಸಾವಿರಾರು ಪದಗಳನ್ನು ನೆನಪಿನಲ್ಲಿ ಹೊತ್ತಿದ್ದರು. ಕೃಷ್ಣಮೂರ್ತಿ ಹನೂರರು ಆಕೆಯ ಬಾಯಿಂದ ಅವನ್ನು ಸಂಗ್ರಹಿಸಿ ಕನ್ನಡಿಗರಿಗೆ ತಲುಪಿಸಿದರು. ಕಮಿಂಗ್ ಮತ್ತು ಹೆನ್ರಿಯವರ ಪ್ರಕಾರ ವೈಧವ್ಯದೊಡನೆ ಲೋಕದ ಸಂಬಂಧಗಳು ಕಳಚಬೇಕಾದ ವಯಸ್ಸಿನಲ್ಲಿ, ಒಂದು ಬುಡಕಟ್ಟಿನ ಪುರಾಣ, ಇತಿಹಾಸ, ಹೆಣ್ಣುಮಕ್ಕಳ ದುಃಖ ಸುಖಗಳೆಲ್ಲ ಒಬ್ಬ ಮುದುಕಿಯ ಕಂಠದಲ್ಲಿ ನೆಲೆ ನಿಂತಿದ್ದುವು. ಪ್ರತಿಭೆಯ ಈ ವೃದ್ಧಿಗೆ ಪಾಶ್ಚಾತ್ಯ ಸಿದ್ಧಾಂತಗಳಲ್ಲಿ ಸರಿಯಾದ ಹೆಸರಿಲ್ಲ. ಚಟುವಟಿಕೆಯೆಂಬ ಮಾತು ಬಡವಾಯಿತು, ಆಚ್ಲಿ ಹೇಳಿದ ಅನುವೃತ್ತಿಯೆಂಬುದು ಸ್ವಲ್ಪ ಹತ್ತಿರ ಬಂದಿತು. ಕನ್ನಡ ಕಾದಂಬರಿಯು ಈ ವಿಷಯದಲ್ಲಿ ಸಮಾಜಶಾಸ್ತ್ರಕ್ಕಿಂತ ಮುಂದಿದೆ: ಶಿವರಾಮ ಕಾರಂತರ ಮೂಕಜ್ಜಿಯ ಕನಸುಗಳು (1968), ಎಂ. ಕೆ. ಇಂದಿರಾ ಅವರ ಫಣಿಯಮ್ಮ (1976), ಇವೆರಡರಲ್ಲಿಯೂ ಬಾಲವಿಧವೆಯಾಗಿ ಮುಪ್ಪಾದ ಹೆಂಗಸೇ ಕೇಂದ್ರ. ದಾಂಪತ್ಯವನ್ನರಿಯದ ಆಕೆಯೇ ದೇಹದ, ಕಾಮದ, ಹುಟ್ಟಿನ ವಿಷಯದಲ್ಲಿ ಇತರರಿಗಿಂತ ನಿರ್ಭೀತಳು.

ಇನ್ನು ದೇಹದ ಭೌತಿಕ ಸಂಗತಿ. ಮುಪ್ಪಿನ ಮುಖವು ಒಳಗಿನ ಯುವಚೇತನವನ್ನು ಮುಚ್ಚಿದ ಮುಖವಾಡವೆಂದು ಮೈಕ್ ಫೆದರ್‌ಸ್ಟೋನ್ ಮತ್ತು ಮೈಕ್ ಹೆಪ್‌ವರ್ತ್ 1991ರಲ್ಲಿ ಬರೆದರು. ವಿರಾಮವೂ ಕನ್ನಡಿಯೂ ಇರುವವರ ಅನುಭವಕ್ಕೆ ಆ ಮಾತು ಒಪ್ಪಬಹುದು. ಇಲ್ಲಿಯ ಮುಪ್ಪಾದರೋ ಮುಖವಾಡವಲ್ಲ, ಮೈಯೊಳಗೇ ಇಳಿದುದು: ಚಿತ್ರದುರ್ಗ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಅದನ್ನು ವರ್ಷಾನುಗಟ್ಟಲೆ ಕುಡಿದವರ ಹಲ್ಲು ಕಂದಾಗಿ, ಕೀಲು ಬಿಗಿದು, ಬೆನ್ನು ಬಾಗುವುದುಂಟು. ಇಂತಹವರು ಕ್ಯಾಲೆಂಡರಿನ ಪ್ರಕಾರ ನಡುವಯಸ್ಸಿನವರು, ನಡಿಗೆಯಲ್ಲಿ ಮುದುಕರು. ಬಾಲ್ಯದ ಕೊರತೆಗಳು ಒಂದರ ಮೇಲೊಂದು ಕೂಡಿ ಮುಪ್ಪಿನಲ್ಲಿ ದೊಡ್ಡ ಅಂತರವಾಗುವುವೆಂಬ ಡೇಲ್ ಡ್ಯಾನೆಫರನ ಸಂಚಿತ ಪ್ರತಿಕೂಲತೆಯ ವಾದವು ಈ ನೆಲದಲ್ಲಿ ಅಕ್ಷರಶಃ ಎಲುಬಿನಲ್ಲಿ ಬರೆದಂತಿದೆ. ಬಡತನ, ರಕ್ತಹೀನತೆ, ಮೇಲಿಂದಮೇಲೆ ಹೆರಿಗೆ, ಕೊಡ ಹೊರುವುದು, ಬಗ್ಗಿ ಕಳೆ ಕೀಳುವುದು ಇವುಗಳ ಪಾಲು ಹೆಂಗಸಿಗೆ ಹೆಚ್ಚಾದುದರಿಂದ, ನೀರು ಒಂದೇ ಆದರೂ ಬಾಗಿದ ಬೆನ್ನುಗಳು ಒಂದೇ ಲೆಕ್ಕದವಲ್ಲ. ಯಶಸ್ವೀ ವಾರ್ಧಕ್ಯವೆಂದು ರೋವ್ ಮತ್ತು ಕಾನ್ ಎಂಬವರು 1987ರಿಂದ ಪ್ರಚಾರಕ್ಕೆ ತಂದ ಆದರ್ಶವನ್ನು ಇಂತಹವರ ಮುಂದಿಡುವುದು ಅವರ ಕಷ್ಟವನ್ನು ಅವರ ತಪ್ಪೆಂದು ಎಣಿಸಿದಂತಾಗುವುದು.

ಉಡುಗೆತೊಡುಗೆಯೂ ವಯಸ್ಸಿನ ಲಿಪಿಯೇ. ಲಂಬಾಣಿ ತಾಂಡಾಗಳಲ್ಲಿ ಕನ್ನಡಿ ಕೂರಿಸಿದ ರವಿಕೆ, ನೆರಿಗೆಯ ಲಂಗ, ತೋಳು ತುಂಬ ಬಳೆ ಇವನ್ನು ಉಳಿಸಿಕೊಂಡವರು ಮುಖ್ಯವಾಗಿ ಹಿರಿಯ ಹೆಂಗಸರು. ಕಿರಿಯರು ಸೀರೆಗೂ ಚೂಡಿದಾರಕ್ಕೂ ಹೊರಳಿದ್ದಾರೆ. ಕೈಗೆ ಹಾಕಿಸಿಕೊಂಡ ಹಚ್ಚೆಯೂ ಹಾಗೆಯೇ ಒಂದು ತಲೆಮಾರಿನ ಗುರುತಾಗಿ ಉಳಿದಿದೆ.

ಗಂಡಸಿನ ಮುಪ್ಪನ್ನು ಈ ಶಾಸ್ತ್ರವು ಬಹುಕಾಲ ಸಾಮಾನ್ಯ ಮನುಷ್ಯನ ಮುಪ್ಪೆಂದು ಬಗೆದು, ಅದು ಗಂಡಸಿನದೆಂಬುದನ್ನೇ ಮರೆತಿತ್ತು. ಟೋನಿ ಕ್ಯಾಲಸಾಂಟಿ ಮೊದಲಾದವರು ಆ ಮರೆವನ್ನು ತಿದ್ದಿದರು. ಹಟ್ಟಿಯ ಯಜಮಾನನಾಗಿ ನ್ಯಾಯ ಹೇಳಿದವನು, ಕುರಿಮಂದೆಯನ್ನು ಮಾರಿದ ಮೇಲೆ, ಮಕ್ಕಳು ಬೆಂಗಳೂರಿಗೆ ದುಡಿಯಹೋದ ಮೇಲೆ, ಕಟ್ಟೆಯ ಮೇಲೆ ಕುಳಿತಿರುವಾಗ ಕೌಗಿಲ್ ಮತ್ತು ಹೋಮ್ಸರ ವಾದಕ್ಕೆ ಬಲ ಬರುವುದು. ಹೆಂಡತಿ ತೀರಿಕೊಂಡ ಮುದುಕನು ಒಲೆ ಹಚ್ಚಲರಿಯದೆ ಸೊಸೆಯ ಕೈನೋಡುವಾಗ, ಪುರುಷತ್ವವು ಆತನಿಗೆ ಕಲಿಸದೆ ಬಿಟ್ಟುದೇನೆಂಬುದು ತಿಳಿಯುವುದು. ಹೆಣ್ಣು ಗಂಡೆಂಬ ಇಬ್ಬಗೆಗೆ ಒಳಪಡದವರ ವಾರ್ಧಕ್ಯವನ್ನು ಕುರಿತು ಸಿದ್ಧಾಂತಗಳು ಇನ್ನೂ ಬಾಯಿ ತೆರೆಯುತ್ತಿರುವುವಷ್ಟೆ. ಅಂತಹವರಲ್ಲಿ ಒಬ್ಬರಾದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು ಗೌರವದ ಸಂಗತಿ. ಅಂತಹ ಕೀರ್ತಿಯಿಲ್ಲದ ಜೋಗತಿಯರಿಗೆ ಮುಪ್ಪಿನಲ್ಲಿ ಮಕ್ಕಳ ಆಸರೆಯೂ ಇಲ್ಲ, ತವರಿನ ಬಾಗಿಲೂ ಸಾಮಾನ್ಯವಾಗಿ ತೆರೆಯದು.

ಭಾರತದಲ್ಲಿ 2011ರ ಜನಗಣತಿಯ ಪ್ರಕಾರ ಅರವತ್ತು ದಾಟಿದವರು 10.38 ಕೋಟಿ, ಅವರಲ್ಲಿ ಹೆಂಗಸರು 5.28 ಕೋಟಿ, ಗಂಡಸರು 5.11 ಕೋಟಿ. ಹೆಂಗಸರು ಹೆಚ್ಚು ಕಾಲ ಬದುಕುವರು, ತಮಗಿಂತ ಹಿರಿಯರನ್ನು ಮದುವೆಯಾಗುವರು. ಆದುದರಿಂದ ಮುಪ್ಪಿನ ಪ್ರಶ್ನೆಯು ನಮ್ಮಲ್ಲಿ ಬಹುಮಟ್ಟಿಗೆ ವಿಧವೆಯ ಪ್ರಶ್ನೆ. ಲಾರೆನ್ಸ್ ಕೋಹೆನ್ 1998ರಲ್ಲಿ ವಾರಾಣಸಿಯನ್ನೂ, ಸಾರಾ ಲ್ಯಾಂಬ್ 2000ದಲ್ಲಿ ಬಂಗಾಳದ ಒಂದು ಹಳ್ಳಿಯನ್ನೂ ಕುರಿತು ಬರೆದ ಗ್ರಂಥಗಳು ಮಗ, ಸೊಸೆ, ಸೇವೆ ಇವುಗಳ ನಡುವೆ ಮುಪ್ಪು ಅರ್ಥ ಪಡೆಯುವ ಬಗೆಯನ್ನು ಸೂಕ್ಷ್ಮವಾಗಿ ಚಿತ್ರಿಸಿವೆ. ಆದರೆ ಬಯಲುಸೀಮೆಯ ಅನುಭವದಲ್ಲಿ ಸೇವೆಗಿಂತ ಮೊದಲು ಬರುವುದು ಭೂಮಿ. ಅದುವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಸಮಾನವಾದ ಹಕ್ಕನ್ನು ಕರ್ನಾಟಕವು 1994ರಲ್ಲಿಯೇ, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು ಕೊಟ್ಟಿತು. ಕಾನೂನು ಕೊಟ್ಟುದನ್ನು ಅಣ್ಣತಮ್ಮಂದಿರ ವಿಶ್ವಾಸ ಕೆಡದಿರಲೆಂದು ಹಕ್ಕುಬಿಡುಗಡೆಯ ಪತ್ರಕ್ಕೆ ಹೆಬ್ಬೆಟ್ಟೊತ್ತಿ ಹಿಂತಿರುಗಿಸಿದವರು ಅಸಂಖ್ಯ. ಗಂಡ ಸತ್ತ ಬಳಿಕ ಪೌತಿ ಖಾತೆಯಲ್ಲಿ ಹೆಸರು ಸೇರಿದ ಹೆಂಗಸಿಗೂ, ಖಾತೆಯು ನೇರವಾಗಿ ಮಕ್ಕಳಿಗೆ ಹೋದ ಹೆಂಗಸಿಗೂ ಮುಪ್ಪು ಒಂದೇ ಬಗೆಯಲ್ಲಿ ಬರುವುದಿಲ್ಲ. ಮೊದಲನೆಯವಳ ಮಾತಿಗೆ ಮಗನು ಕಿವಿಗೊಡುವನು, ಎರಡನೆಯವಳು ಜಗುಲಿಯ ಮೂಲೆ ಸೇರುವಳು. 2007ರ ಹಿರಿಯ ನಾಗರಿಕರ ಪೋಷಣಾ ಕಾಯಿದೆಯು ಮಕ್ಕಳಿಂದ ಜೀವನಾಂಶ ಕೇಳುವ ದಾರಿಯನ್ನು ತೆರೆದಿದೆ, ಆದರೆ ಹೆತ್ತ ಮಗನ ಮೇಲೆ ಅರ್ಜಿ ಬರೆಸಲು ಉಪವಿಭಾಗಾಧಿಕಾರಿಯ ಕಚೇರಿಯ ಮೆಟ್ಟಿಲನ್ನೇರುವ ತಾಯಂದಿರು ಎಷ್ಟು ಮಂದಿ? ಕೇಂದ್ರವು ವೃದ್ಧಾಪ್ಯ ಪಿಂಚಣಿಗೆ ಕೊಡುವ ಪಾಲು 79ನೆಯ ವಯಸ್ಸಿನವರೆಗೆ ತಿಂಗಳಿಗೆ 200 ರೂಪಾಯಿ, ಆಮೇಲೆ 500. ರಾಜ್ಯವು ಸೇರಿಸುವ ಹಣದಿಂದಲೇ ಅದು ಮಾಸಾಶನವೆನಿಸಿಕೊಳ್ಳುವುದು.

ವಯಸ್ಸು, ಲಿಂಗತ್ವ, ದೇಹ ಇವನ್ನು ಬೇರೆಬೇರೆಯಾಗಿ ಅಳೆಯುವ ಪದ್ಧತಿಯು ಈ ಸೀಮೆಗೆ ಸಲ್ಲದು. ಭೂಮಿಯ ಖಾತೆ, ಕುಡಿಯುವ ನೀರು, ಹಟ್ಟಿಯ ಬೇಲಿ ಇವು ಮೂರೂ ಸೇರಿ ಇಲ್ಲಿ ಹೆಣ್ಣಿನ ಮುಪ್ಪನ್ನು ನಿರ್ಮಿಸಿವೆ. ಹಳ್ಳಿಗೆ ಬರುವ ಗಣತಿದಾರರಿಗೂ ಸಂಶೋಧಕರಿಗೂ ಈ ಲೇಖಕನ ವಿಜ್ಞಾಪನೆ ಇಷ್ಟೇ: ಬಾಗಿಲಲ್ಲಿ ನಿಂತ ಮಗನನ್ನು ಕೇಳಿ ಅಜ್ಜಿಯ ವಯಸ್ಸನ್ನು ಬರೆದುಕೊಂಡು ಹೋಗಬೇಡಿ, ಒಳಗೆ ಹೋಗಿ, ಆಕೆಯ ಬಳಿ ಕುಳಿತು, ಎಂದಿನಿಂದ ಕೂಲಿ ಬಿಟ್ಟಿರಿ, ಏಕೆ ಬಿಟ್ಟಿರಿ, ಪಹಣಿ ಯಾರ ಹೆಸರಿನಲ್ಲಿದೆ, ನೀರು ಎಲ್ಲಿಂದ ತರುವಿರಿ ಎಂದು ಆಕೆಯನ್ನೇ ಕೇಳಿ.